ಸೋಮವಾರ ಉಪವಾಸವಿದ್ದ ಫಟಫಟಿ

ನಿಜಾಮರ ರಾಜ್ಯದಲ್ಲಿ ಸೋಮವಾರ ಉಪವಾಸ ಮಾಡುವವರಿಗೆ ಕೊರತೆ ಇರಲಿಲ್ಲ. ಆದರೆ ತಮ್ಮ ಮೋಟಾರ್ ಸೈಕಲ್ಲಿನಿಂದಲೂ ಉಪವಾಸ ಮಾಡಿಸಿದ ಗೃಹಸ್ಥರು ನನಗೆ ಗೊತ್ತಿದ್ದಂತೆ ಒಬ್ಬರೇ. ಅವರು ನಮ್ಮ ಮಾವ, ಅಂದರೆ ನನ್ನ ಅಕ್ಕನ ಗಂಡ! ಈ ಮಾತು ಹೇಳಿದಾಗಲೆಲ್ಲ ಮನೆಯ ಮಕ್ಕಳು ನಗುತ್ತಾರೆ. ನಗಲಿ ಬಿಡಿ, ಒಂದು ಕಾಲಕ್ಕೆ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕವನೇ. ಈಗ ಮಾತ್ರ ನಗು ಅರ್ಧಕ್ಕೇ ನಿಂತುಬಿಡುತ್ತದೆ.

ಮಾವ ಕುಷ್ಟಗಿಯಲ್ಲಿ ವಕೀಲರಾಗಿದ್ದರು. ಮೇಲೆ ಕರಿ ಕೋಟು, ಕೆಳಗೆ ಕಚ್ಚೆ ಧೋತರ, ತಲೆಗೆ ರುಮಾಲು, ಹಣೆ ತುಂಬ ವಿಭೂತಿ. ಕೋರ್ಟಿನ ವಾದ ಉರ್ದುವಿನಲ್ಲಿ, ಮನೆಯ ವಾದ ಕನ್ನಡದಲ್ಲಿ. ವಾದ ಮಾತ್ರ ಎರಡೂ ಕಡೆ ನಿಲ್ಲುತ್ತಿರಲಿಲ್ಲ. ಹಾಲಿಗೆ ನೀರು ಬೆರೆಸಿದ್ದಾನೆ ಎಂದು ಗೌಳಿಯನ್ನು ಬೈಯಬೇಕಾದರೂ ಮೊದಲು ಅವನ ಪರವಾಗಿ ನಾಲ್ಕು ಮಾತು ಆಡಿ, ಆಮೇಲೆ ಅದನ್ನು ತಾವೇ ಖಂಡಿಸಿ, ಕೊನೆಗೆ ತೀರ್ಪು ಕೊಡುವರು. ಅಷ್ಟರಲ್ಲಿ ಗೌಳಿ ಓಣಿಯ ಉಳಿದ ಮನೆಗಳಿಗೆಲ್ಲ ಅದೇ ಹಾಲು ಹಾಕಿ ಬಂದಿರುತ್ತಿದ್ದ. ಇಂಥವರಿಗೆ ನನ್ನ ಅಕ್ಕನಂಥ ಮಿತಮಾತಿನವಳು ಹೇಗೆ ಜೋಡಿಯಾದಳೋ! ಅವಳು ವಾದವನ್ನೆಲ್ಲ ಕೇಳಿ ಮುಗಿಸಿ, "ಆತ್ರಿ, ಊಟಕ್ಕ ಏಳ್ರಿ" ಅನ್ನುತ್ತಿದ್ದಳು. ಮಾವ ಸೋತು ಏಳುತ್ತಿದ್ದರು.

ಮದುವೆಯಾಗಿ ನಾಲ್ಕನೇ ವರ್ಷ ಅಕ್ಕನಿಗೆ ಕ್ಷಯ ಹಿಡಿಯಿತು. ಆಗ ಯುದ್ಧದ ಕಾಲ. ಆ ರೋಗಕ್ಕೆ ಈಗಿನಂತೆ ಮದ್ದಿರಲಿಲ್ಲ. ಗಾಳಿ, ಹಾಲು, ದೇವರು, ಇಷ್ಟೇ. ಕೊಪ್ಪಳದ ಡಾಕ್ಟರು ಎದೆ ಪರೀಕ್ಷೆ ಮಾಡಿ, "ಓಣಿಯೊಳಗ ಇಡಬ್ಯಾಡ್ರಿ, ಬಯಲೊಳಗ ಇಡ್ರಿ" ಎಂದರು. ಹಾಗಾಗಿ ಅಕ್ಕ ತವರಿಗೆ, ನಮ್ಮ ಹಿಟ್ನಾಳಕ್ಕೆ ಬಂದಳು. ಊರ ಹೊರಗೆ ರಸ್ತೆಯ ಪಕ್ಕದ ನಮ್ಮ ಹೊಲದಲ್ಲಿ ಜೋಳದ ದಂಟಿನ ಗುಡಿಸಲು ಹಾಕಿದೆವು. ಅವ್ವ ಅವಳ ಜೊತೆ ಅಲ್ಲೇ ಉಳಿದಳು. ನಾನು ಊರಿನ ಶಾಲೆಯಲ್ಲಿ ಮಾಸ್ತರನಾಗಿದ್ದೆ, ಎರಡು ಹೊತ್ತೂ ಹೋಗಿ ಬರುತ್ತಿದ್ದೆ. ಬೇರೆ ಯಾರೂ ಬರುತ್ತಿರಲಿಲ್ಲ. ಆ ಹಾದಿಯಲ್ಲಿ ನಡೆಯುವವರು ಗುಡಿಸಲು ಹತ್ತಿರವಾದ ಕೂಡಲೇ ಮೂಗಿಗೆ ಸೆರಗನ್ನೋ ವಲ್ಲಿಯನ್ನೋ ಹಿಡಿದು ದಾಪುಗಾಲು ಹಾಕುತ್ತಿದ್ದರು. ಅಕ್ಕ ಮಲಗಿದಲ್ಲಿಂದಲೇ ಅದನ್ನೆಲ್ಲ ನೋಡುತ್ತಿದ್ದಳು.

ಕುಷ್ಟಗಿಯಿಂದ ಹಿಟ್ನಾಳಕ್ಕೆ ಮೂವತ್ತು ಮೈಲು. ಚಕ್ಕಡಿಯಲ್ಲಿ ಹೊರಟರೆ ಹಾದಿಯಲ್ಲೇ ಒಂದು ರಾತ್ರಿ ಕಳೆಯಬೇಕು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಾಲುವೆ ಅಳೆಯಲು ಬಂದಿದ್ದ ಒಬ್ಬ ಇಂಗ್ಲಿಷ್ ದೊರೆ ಊರು ಬಿಡುವಾಗ ಮಾವ ಅವನ ಹಳೆಯ ಮೋಟಾರ್ ಸೈಕಲ್ಲನ್ನು ತೆಗೆದುಕೊಂಡರು. ನಮ್ಮ ಕಡೆ ಅದಕ್ಕೆ ಫಟಫಟಿ ಎಂದೇ ಹೆಸರು. ಅದುವರೆಗೆ ಸೈಕಲ್ಲನ್ನೂ ಏರಿರದ ಮನುಷ್ಯ! ಎಂಟೇ ದಿನದಲ್ಲಿ ಕಲಿತುಬಿಟ್ಟರು. ಆ ಎಂಟು ದಿನ ಕುಷ್ಟಗಿಯ ಕೋಳಿಗಳು ಬೀದಿಗೆ ಇಳಿಯಲಿಲ್ಲವಂತೆ.

ಅಂದಿನಿಂದ ಪ್ರತಿ ಮಂಗಳವಾರ ಮಾವ ಬರತೊಡಗಿದರು. ಆ ದಿನಕ್ಕೆ ಅವರು ಕೋರ್ಟಿನಲ್ಲಿ ಯಾವ ಕೇಸಿನ ಪೇಶಿಯನ್ನೂ ಹಾಕಿಸಿಕೊಳ್ಳುತ್ತಿರಲಿಲ್ಲ. ನಸುಕಿನಲ್ಲಿ ಹೊರಟು ಹತ್ತು ಗಂಟೆಗೆ ಗುಡಿಸಲ ಮುಂದೆ ಇಳಿಯುವರು, ಸಂಜೆಯವರೆಗೆ ಅಕ್ಕನ ಹತ್ತಿರ ಕೂತು ವಾರದ ವಾದಗಳನ್ನೆಲ್ಲ ಒಪ್ಪಿಸುವರು. ಉಳಿದ ಆರು ದಿನ ಅಕ್ಕ ಗಂಜಿಯ ಬಟ್ಟಲನ್ನು ದೂರ ಸರಿಸುತ್ತಿದ್ದಳು. ಮಂಗಳವಾರ ಮಾತ್ರ ದೂರದಲ್ಲಿ ಫಟಫಟಿಯ ಸಪ್ಪಳ ಕೇಳಿದ್ದೇ ಎದ್ದು ಕೂತು, ಅವ್ವನಿಂದ ತಲೆ ಬಾಚಿಸಿಕೊಂಡು, ಅವರ ಎದುರು ಅನ್ನ ಉಣ್ಣುತ್ತಿದ್ದಳು. "ಈ ಮಂಗಳವಾರದ ಅನ್ನದ ಮ್ಯಾಲ ಆಕಿ ವಾರೆಲ್ಲಾ ಜೀವ ಹಿಡೀತಾಳ" ಎಂದು ಅವ್ವ ನನಗೆ ಹೇಳುತ್ತಿದ್ದಳು. ಹೀಗಾಗಿ ಮಂಗಳವಾರ ಮುಂಜಾನೆ ಕುಷ್ಟಗಿಯಲ್ಲಿ ಆ ಗಾಡಿ ಶುರುವಾಗುತ್ತದೋ ಇಲ್ಲವೋ ಎಂಬುದು ನಮ್ಮ ಪಾಲಿಗೆ ತಮಾಷೆಯಾಗಿರಲಿಲ್ಲ.

ಆದರೆ ಮಾವ ಅದನ್ನು ಸುಲಭಕ್ಕೆ ಶುರುವಾಗಲು ಬಿಡಬೇಕಲ್ಲ!

ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ಅಕ್ಕ ಹಾಸಿಗೆ ಹಿಡಿದಾಗ ಮಾವ ಒಂದು ಹರಕೆ ಹೊತ್ತರು. ಅವಳು ಎದ್ದು ಓಡಾಡುವವರೆಗೆ ಸೋಮವಾರ ತಾವು ಉಪವಾಸ ಇರುವುದು, ತಮ್ಮ ಮನೆಯಲ್ಲಿ ಯಾವುದಕ್ಕೂ ದುಡಿಮೆ ಹಚ್ಚದಿರುವುದು. ಅಂದು ಬೀಸುವ ಕಲ್ಲಿಗೆ ಬಿಡುವು. ಬಾವಿಯ ರಾಟೆಗೆ ಬಿಡುವು. ಗೋಡೆಯ ಗಡಿಯಾರಕ್ಕೂ ಬಿಡುವು. ಮಂಗಳವಾರ ಮಾವ ಹೊರಗೆ ಬಂದು ಆಕಾಶ ನೋಡಿ, ತಮಗೆ ತೋಚಿದ ವೇಳೆ ಇಟ್ಟು ಅದಕ್ಕೆ ಕೀಲಿ ಕೊಡುವರು. ಇಷ್ಟಾದರೂ ಸಹಿಸಬಹುದಿತ್ತು. ರವಿವಾರ ಸಂಜೆ ಫಟಫಟಿಯ ಟಾಕಿಯಿಂದ ಪೆಟ್ರೋಲನ್ನೆಲ್ಲ ಬಸಿದು ತೆಗೆಯುತ್ತಿದ್ದರು. ಬೇಸಿಗೆಯ ಸೂಟಿಯಲ್ಲಿ ಕುಷ್ಟಗಿಗೆ ಹೋದಾಗ ನಾನು ಕೇಳಿಯೇ ಬಿಟ್ಟೆ.

"ಮಾವಾರ, ಗಾಡಿ ನಿಂತಲ್ಲೇ ನಿಂತರ ಬಿಡುವು ಆತಲ್ರಿ. ಎಣ್ಣಿ ಯಾಕ ತಗೀತೀರಿ?"

"ಮಾಸ್ತರ, ಎತ್ತಿನ ಕೊಳ್ಳಾಗ ನೊಗ ಇಟ್ಟು, ಸುಮ್ಮನ ನಿಂದ್ರು ಅಂದ್ರ ಅದು ಬಿಡುವೇನು?"

"ಎಣ್ಣಿ ನೊಗ ಹೆಂಗ ಆಗತೈತ್ರಿ?"

"ಹೊಟ್ಟ್ಯಾಗ ಎಣ್ಣಿ ಇದ್ರ ಅದು ಹೂಡಿದ ಗಾಡಿ. ಎಣ್ಣಿ ಇಲ್ಲಂದ್ರ ಬಿಟ್ಟ ಗಾಡಿ. ಇದರ ಮ್ಯಾಲ ಅಪೀಲಿಲ್ಲ."

ಬಸಿದ ಪೆಟ್ರೋಲು ಹೋಗುತ್ತಿದ್ದುದು ಉಪ್ಪಿನಕಾಯಿಯ ಭರಣಿಗೆ. ಯುದ್ಧದ ದೆಸೆಯಿಂದ ಪೆಟ್ರೋಲು ಪರವಾನಗಿಯ ಮೇಲೆ ಅಷ್ಟಿಷ್ಟು ಸಿಗುತ್ತಿತ್ತು. ಒಂದು ತೊಟ್ಟು ನೆಲಕ್ಕೆ ಬಿದ್ದರೂ ಮಾವ ಅದು ಆರುವವರೆಗೆ ಅದನ್ನೇ ನೋಡುತ್ತ ನಿಲ್ಲುವರು. ಭರಣಿಯನ್ನು ಎಷ್ಟು ತೊಳೆದರೂ ಇಂಗಿನ ವಾಸನೆ ಹೋಗಿರಲಿಲ್ಲ. ಹಾಗಾಗಿ ಫಟಫಟಿ ಓಡಿದ ಹಾದಿಯುದ್ದಕ್ಕೂ ಯಾರೋ ಒಗ್ಗರಣೆ ಕೊಟ್ಟಂತೆ ಇರುತ್ತಿತ್ತು. "ನಿಮ್ಮ ಮಾವ ಬರಾಕತ್ಯಾರ ನೋಡು, ಸಾರಿನ ವಾಸನಿ ಬಂತು" ಎಂದು ಅವ್ವ ಅನ್ನುತ್ತಿದ್ದಳು. ಅಕ್ಕ ನಗುತ್ತಿದ್ದಳು. ನಕ್ಕರೆ ಕೆಮ್ಮು ಬರುತ್ತಿತ್ತು, ಕೆಮ್ಮಿದರೆ ರಕ್ತ. ಆಮೇಲೆ ಅವ್ವ ಆ ಮಾತು ಆಡುವುದನ್ನೇ ಬಿಟ್ಟಳು.

ಸೋಮವಾರ ಮುಂಜಾನೆ ಫಟಫಟಿಗೆ ಜಳಕ. ಎತ್ತಿನ ಮೈ ತಿಕ್ಕಿದಂತೆ ತಿಕ್ಕಿ, ಒರೆಸಿ, ದೀಪದ ಮೇಲೆ ಒಮ್ಮೆ, ಟಾಕಿಯ ಮುಚ್ಚಳದ ಮೇಲೆ ಒಮ್ಮೆ ಹಸಿ ವಿಭೂತಿಯನ್ನು ದಪ್ಪಗೆ ಮೂರು ಬೆರಳಲ್ಲಿ ಬಳಿಯುವರು. ಮಂಗಳವಾರ ನಸುಕಿನಲ್ಲಿ ಭರಣಿಯ ಪೆಟ್ರೋಲನ್ನು ಮತ್ತೆ ಟಾಕಿಗೆ ಹೊಯ್ದು, ಮುಚ್ಚಳ ಬಿಗಿದು, ಪಕ್ಕಕ್ಕೆ ನಿಂತು ಕೋರ್ಟಿನ ಜವಾನನ ಧ್ವನಿಯಲ್ಲಿ ಮೂರು ಸಲ "ಹಾಜರ್ ಹೋ" ಎಂದು ಕೂಗುವರು. ಆಮೇಲೆ ಒದೆ. ಒಂದು ದಿನ ಉಪವಾಸವಿದ್ದ ಗಾಡಿ ಕೂಗಿದಾಕ್ಷಣ ಹಾಜರಾಗುತ್ತದೆಯೇ? ಹತ್ತು ಒದೆ, ಇಪ್ಪತ್ತು ಒದೆ. ಪಕ್ಕದ ಸೈಕಲ್ ಅಂಗಡಿಯ ಸಾಹೇಬರು ನಮಾಜು ಮುಗಿಸಿ ಬಂದು ಕಟ್ಟೆಯ ಮೇಲೆ ಕೂತು ಒದೆ ಎಣಿಸುತ್ತಿದ್ದರು.

"ವಕೀಲ ಸಾಬ್, ನಳ ತೆರದೀರೇನು?"

ಮಾವ ಬಗ್ಗಿ ನೋಡುವರು. ಎರಡು ದಿನದ ಹಿಂದೆ ಮುಚ್ಚಿದ ಪೆಟ್ರೋಲಿನ ನಳ ಮುಚ್ಚಿಯೇ ಇರುತ್ತಿತ್ತು. ಅದನ್ನು ತೆರೆದು, ಕಾರ್ಬೊರೇಟರಿನ ಗುಂಡಿಯನ್ನು ಪೆಟ್ರೋಲು ಜಿನುಗುವ ತನಕ ಒತ್ತಿ ಹಿಡಿದು, ಮತ್ತೆ ನಾಲ್ಕು ಒದ್ದರೆ ಗಾಡಿ ಒಮ್ಮೆ ಕೆಮ್ಮಿ ಶುರುವಾಗುತ್ತಿತ್ತು. "ನಾ ತೆರೀಲಿಲ್ಲ ಅಂತ ಅಲ್ಲ ಸಾಹೇಬ್ರ, ತೆರದದ್ದು ಸಾಬೀತಾಗಿರಲಿಲ್ಲ" ಎಂದು ಮಾವ ಹೊರಡುವರು.

ಹೊರಟರೆ ಮುಗಿಯಿತೆ? ಮೂರು ಮೈಲು ದಾಟುವಷ್ಟರಲ್ಲಿ, ಒಂದು ಹಣಮಪ್ಪನ ಗುಡಿಯ ಹತ್ತಿರ ಗಾಡಿ ತಾನಾಗಿ ನಿಲ್ಲುವುದು. ಮಾವ ಇಳಿದು, ಪೆಟ್ರೋಲು ಇದೆಯೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡುವರು. ಇದೆ. ಮುಚ್ಚಿ ಒದ್ದರೆ ಒಂದೇ ಪೆಟ್ಟಿಗೆ ಶುರು! ನಾಲ್ಕು ವಾರ ಹೀಗೇ ಆದ ಮೇಲೆ ಹಣಮಪ್ಪನಿಗೆ ಎಣ್ಣೆ ತೋರಿಸದೆ ಮುಂದೆ ಹೋಗಲಾಗದು ಎಂದು ಅವರಿಗೆ ಖಾತ್ರಿಯಾಯಿತು. ಆದರೆ ಗಾಡಿ ಮುಂದೆ ಐದಾರು ಮೈಲಿಗೆ ಮತ್ತೆ ನಿಲ್ಲುತ್ತಿತ್ತು. ಅಲ್ಲಿ ಗುಡಿ ಇರಲಿಲ್ಲ. ಮಾವ ಸುತ್ತ ಹುಡುಕಿದರು, ಒಂದು ಕಲ್ಲು ಸಿಕ್ಕಿತು. ಅದಕ್ಕೆ ವಿಭೂತಿ ಹಚ್ಚಿ, ಮುಚ್ಚಳ ತೆಗೆದು ತೋರಿಸಿದರು. ಗಾಡಿ ಹೊರಟಿತು. ವರ್ಷ ತುಂಬುವುದರೊಳಗೆ ಕುಷ್ಟಗಿ ಹಾದಿಯಲ್ಲಿ ಹೊಸದಾಗಿ ನಾಲ್ಕು ದೇವರು ಹುಟ್ಟಿದ್ದರು. ಬಂಡಿ ಹೊಡೆಯುವವರು ಅಲ್ಲಿ ಕಾಯಿ ಒಡೆಯತೊಡಗಿದ್ದರು. ಒಂದಕ್ಕಂತೂ ಯಾರೋ ಪುಣ್ಯಾತ್ಮರು ನೆರಳಿಗೆ ಚಪ್ಪರ ಹಾಕಿಸಿದರು.

ಗುಟ್ಟು ಒಡೆದವರು ಸಾಹೇಬರೇ. ನಾನು ಕುಷ್ಟಗಿಗೆ ಹೋಗಿದ್ದ ಒಂದು ದಿನ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿ ನಕ್ಕುಬಿಟ್ಟರು.

"ವಕೀಲ ಸಾಬ್, ಈ ಮುಚ್ಚಳಕ್ಕ ಸೂಜಿಯಷ್ಟು ತೂತೈತಿ, ಒಳಗ ಗಾಳಿ ಹೋಗಾಕ. ನೀವು ಅದರ ಮ್ಯಾಲ ವಿಭೂತಿ ಮೆತ್ತೀರಿ. ಗಾಳಿ ಇಲ್ಲದ ಎಣ್ಣಿ ಹೆಂಗ ಇಳೀಬೇಕು? ನೀವು ಮುಚ್ಚಳ ತಗೀತೀರಿ, ಗಾಳಿ ಹೋಗತೈತಿ, ಗಾಡಿ ನಡೀತೈತಿ. ಇದರಾಗ ದೇವರ ಕೆಲಸ ಏನೂ ಇಲ್ಲ."

ಮಾವ ಸ್ವಲ್ಪ ಹೊತ್ತು ಗಡ್ಡ ಕೆರೆದ ಮೇಲೆ ಕೇಳಿದರು. "ಹಂಗಾದ್ರ ಮುಚ್ಚಳ ತಗಿಯೋ ಬುದ್ಧಿ ನನಗ ಕೊಟ್ಟೋರು ಯಾರು?"

ಸಾಹೇಬರು ನನ್ನ ಕಡೆ ತಿರುಗಿ, "ಮಾಸ್ತರ, ಇವರ ಎದುರು ಯಾರು ಕೇಸು ನಡಸ್ತಾರ್ರಿ?" ಎಂದು ಎದ್ದು ಹೋದರು. ನಾನು ಬಿದ್ದು ಬಿದ್ದು ನಕ್ಕೆ. ಮಾವ ನಗಲಿಲ್ಲ. ಮುಚ್ಚಳವನ್ನು ಅಂಗೈಯಲ್ಲಿಟ್ಟುಕೊಂಡು ಮೆಲ್ಲಗೆ, "ತೂತು ಗೊತ್ತಾತು ಮಾಸ್ತರ. ಆದ್ರೂ ವಿಭೂತಿ ಒರಸಿ ಹೊಂಡಾಕ ಅಂಜಿಕಿ ಬರತೈತಿ. ಹಾದ್ಯಾಗ ನಾಲ್ಕು ಕಡೆ ನಿಂತು ಕೈ ಮುಗದು ಬಂದದ್ದಕ್ಕ ಆಕಿ ಇನ್ನೂ ಅದಾಳ ಅನಸ್ತೈತಿ" ಅಂದರು. ಆ ಮೇಲೆ ಅವರನ್ನು ಆ ವಿಷಯದಲ್ಲಿ ಕೆಣಕಲು ನನಗೆ ಮನಸ್ಸು ಬರಲಿಲ್ಲ.

ಇಷ್ಟು ಕಡೆ ನಿಲ್ಲುವ ಗಾಡಿ ಯಾವಾಗಲೂ ಹತ್ತಕ್ಕೇ ತಲುಪೀತೆ? ಒಂದು ಸಲ ಮಳೆಯಲ್ಲಿ ಸಿಕ್ಕಿ ಮಧ್ಯಾಹ್ನ ಮೂರಕ್ಕೆ ಬಂದರು. ಅಷ್ಟರಲ್ಲಿ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಮಾವ ಎಷ್ಟು ವಾದಿಸಿದರೂ ತುತ್ತು ಗಂಟಲಿಗೆ ಇಳಿಯಲಿಲ್ಲ. ಮುಂದಿನ ಮಂಗಳವಾರದ ಹೊತ್ತಿಗೆ ಅವಳ ಕೈಯ ಬಳೆಗಳು ಮೊಣಕೈ ತನಕ ಜಾರುತ್ತಿದ್ದವು.

ಎರಡನೆಯ ಚಳಿಗಾಲದಲ್ಲಿ ಒಂದು ರವಿವಾರ ಕೊಪ್ಪಳದ ಡಾಕ್ಟರು ಬಂದು ನೋಡಿ, ನನ್ನನ್ನು ಹೊರಗೆ ಕರೆದರು. "ಇನ್ನ ಎರಡು ದಿನ, ಮೂರು ದಿನ. ಅವರ ಯಜಮಾನರಿಗೆ ತಿಳಸ್ರಿ. ಆಕಿಗೆ ಏನೂ ಹೇಳಬ್ಯಾಡ್ರಿ." ಮರುದಿನ ಮೊದಲ ಬಸ್ಸಿಗೆ ನಾನು ಕುಷ್ಟಗಿಗೆ ಹೋದೆ.

ಅಂದು ಸೋಮವಾರ. ಮಾವ ಪೂಜೆ ಮುಗಿಸಿ ಅಂಗಳದಲ್ಲಿ ಕೂತಿದ್ದರು. ಜಳಕವಾದ ಫಟಫಟಿ ಒಣಗುತ್ತ ನಿಂತಿತ್ತು. ನನ್ನ ಮುಖ ನೋಡಿದ್ದೇ ಅವರು ಎದ್ದರು. ನಾನು ಡಾಕ್ಟರ ಮಾತನ್ನು ಹೇಳಿದೆ. ಮೊದಲ ಬಾರಿಗೆ ಅವರು ನನ್ನ ಮಾತಿಗೆ ಎದುರಾಡಲಿಲ್ಲ. ಒಳಗೆ ಹೋಗಿ ಭರಣಿ ತಂದು ಟಾಕಿಗೆ ಪೆಟ್ರೋಲು ಹೊಯ್ಯತೊಡಗಿದರು.

"ಮಾವಾರ, ಸೋಮವಾರ ಐತ್ರಿ" ಎಂದೆ. ಯಾಕೆ ಅಂದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಗೊತ್ತೈತಿ."

ಮುಚ್ಚಳ ಹಾಕುವ ಮೊದಲು ಅದರ ಮೇಲಿನ ವಿಭೂತಿಯನ್ನು ಧೋತರದ ತುದಿಯಿಂದ ಒರೆಸಿದರು. ತೂತು ಕಾಣುವವರೆಗೆ ಒರೆಸಿದರು. ಹಾಜರ್ ಹೋ ಎಂದು ಕೂಗಲಿಲ್ಲ, ನಳ ತೆರೆದು ಸುಮ್ಮನೆ ಒದ್ದರು. ಗಾಡಿ ಶುರುವಾಯಿತು. ನಾನು ಹಿಂದೆ ಕ್ಯಾರಿಯರಿನ ಮೇಲೆ ಕೂತೆ. ಹಣಮಪ್ಪನ ಗುಡಿ ಬಂತು, ಹೋಯಿತು. ಅವರೇ ಹುಟ್ಟಿಸಿದ ನಾಲ್ಕು ದೇವರೂ ಬಂದರು, ಹೋದರು. ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ಅಷ್ಟು ಸಲೀಸಾಗಿ ಅದು ಹಿಂದೆಂದೂ ಓಡಿರಲಿಲ್ಲ. ನನಗೆ ಅಳು ಬಂದದ್ದು ಅದಕ್ಕೇ.

ಹಿಟ್ನಾಳ ಇನ್ನೊಂದು ಮೈಲು ಇರುವಾಗ, ರಸ್ತೆಯ ಮಗ್ಗುಲಿಗೆ ದೊಡ್ಡ ಬಂಡೆಗಳಿರುವಲ್ಲಿ ಮಾವ ಥಟ್ಟನೆ ಗಾಡಿ ಬಂದ್ ಮಾಡಿದರು. ಹೊತ್ತು ಇಳಿದಿತ್ತು.

"ಆಕಿಗೆ ಇವತ್ತು ಯಾವ ವಾರ ಅಂತ ಗೊತ್ತೈತೇನು?"

"ದಿನಾ ಬೆರಳ ಮ್ಯಾಲ ಎಣಸ್ತಾಳ್ರಿ."

"ಹಂಗಾದ್ರ ನಾ ಬರಾಂಗಿಲ್ಲ" ಎಂದು ಅವರು ಬಂಡೆಯ ಹಿಂದೆ ಗಾಡಿ ನೂಕಿದರು. "ಸೋಮವಾರ ಫಟಫಟಿ ಕೇಳಿದ್ರ ಆಕಿಗೆ ಎಲ್ಲಾ ತಿಳೀತೈತಿ."

"ಮಾವಾರ, ನಡಕೋತ ಬರ್ರಿ. ಸಪ್ಪಳಿಲ್ಲದ ಬಂದು ನೋಡ್ರಿ. ನಾಳಿ ತನಕ..." ಎಂದು ನಾನು ಅವರ ಕೈ ಹಿಡಿದೆ.

"ನಾಳಿ ತನಕ ಇರತಾಳ. ನಾಳಿ ಮಂಗಳವಾರ ಐತಿ. ಇವತ್ತ ನಾ ಹೋಗಿ ನಿಂತ್ರ, ಆಕಿಗೆ ನಾಳಿ ಕಾಯಾಕ ಏನ ಉಳೀತೈತಿ ಹೇಳು?"

ಆಮೇಲೆ ಅವರು ಇನ್ನೊಂದು ಹೇಳಿದರು. "ಹರಕಿ ಮುರದದ್ದು ಅರ್ಧ ದಿನ. ಉಳದರ್ಧಕ್ಕ ಇನ್ನೂ ಚಾಲೂ ಐತಿ. ಹೋಗಿ ಒಂದು ಪಾತ್ರಿ ತಗೊಂಬಾ. ಎಣ್ಣಿ ತಗೀಬೇಕು." ಇದು ಅವರ ಹುಚ್ಚೋ, ಸೊಕ್ಕೋ, ಕೊನೆಯ ಆಸೆಯೋ? ನಾನು ನಡೆದೆ.

ಗುಡಿಸಲಲ್ಲಿ ಅಕ್ಕ ಎಚ್ಚರವಾಗಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು. ಶಾಲೆಯ ಕೆಲಸಕ್ಕೆ ಕೊಪ್ಪಳಕ್ಕೆ ಹೋಗಿದ್ದೆ ಎಂದೆ. ಅವ್ವನ ಕಿವಿಯಲ್ಲಿ ಇದ್ದದ್ದು ಹೇಳಿ, ರೊಟ್ಟಿಯ ಗಂಟು ಕಟ್ಟಿಸಿಕೊಂಡು, ಬಾಗಿಲಲ್ಲಿದ್ದ ತಾಮ್ರದ ಕೊಡವನ್ನು ಎತ್ತಿಕೊಂಡೆ.

"ತಮ್ಮಾ, ಅದರಾಗ ನೀರೈತಿ. ಛಲೋತಂಗ ಒರಸಿ ಒಯ್ಯಿ" ಅಂದಳು ಅಕ್ಕ.

ನಾನು ನೀರು ಚೆಲ್ಲಿದೆ. ಒರೆಸಲಿಲ್ಲ. ಕತ್ತಲಾಗುವ ಮೊದಲು ಪೆಟ್ರೋಲು ಬಸಿಯಬೇಕೆಂದು ಓಡಿದೆ. ಮಾವ ಪೆಟ್ರೋಲು ಇಳಿಸಿಕೊಂಡು ಕೊಡಕ್ಕೆ ಬಟ್ಟೆ ಕಟ್ಟಿದರು. ಉಪವಾಸವೆಂದು ರೊಟ್ಟಿ ಮುಟ್ಟದೆ, ಬಂಡೆಗೆ ಒರಗಿ ರಾತ್ರಿಯನ್ನು ಅಲ್ಲೇ ಕಳೆದರು.

ಮುಂಜಾನೆ ಬಿಸಿಲು ಬಿದ್ದ ಮೇಲೆ ನಾನು ಹೋದಾಗ ಅವರು ಆಗಲೇ ಟಾಕಿ ತುಂಬಿ ಒದೆಯತೊಡಗಿದ್ದರು. ನಳ ತೆರೆದಿತ್ತು, ನಾನೇ ನೋಡಿದೆ. ಸಪ್ಪಳ ಕೇಳೀತೆಂದು ಪಿಸುಮಾತಿನಲ್ಲಿ ಮೂರು ಸಲ "ಹಾಜರ್ ಹೋ" ಅಂದರು. ಬೇರೆ ಹೊತ್ತಾಗಿದ್ದರೆ ಆ ಪಿಸುಮಾತಿಗೆ ನಾನು ಎಷ್ಟು ನಗುತ್ತಿದ್ದೆನೋ! ಇಪ್ಪತ್ತು ಒದೆ, ನಲವತ್ತು ಒದೆ. ಒದೆಯುವ ಕಬ್ಬಿಣ ತಿರುಗಿ ಬಡಿದು ಮೊಣಕಾಲ ಕೆಳಗೆ ಚರ್ಮ ಸುಲಿದು ರಕ್ತ ಇಳಿಯುತ್ತಿತ್ತು. ನನ್ನ ಕಿಸೆಯ ಗಡಿಯಾರದಲ್ಲಿ ಒಂಬತ್ತು ದಾಟಿತ್ತು. ಮಾವ ಗಾಡಿಯ ಮೇಲೆ ತಲೆಯಿಟ್ಟರು.

"ನಿನ್ನಿ ಹೂಡಿದ್ದಕ್ಕ ಸಿಟ್ಟಾಗೈತಿ ಮಾಸ್ತರ. ನನ್ನ ಮ್ಯಾಲ ಸಿಟ್ಟಾಗ್ಲಿ. ಆಕೀಗ್ಯಾಕ?"

ನನಗೆ ಏನು ತೋಚಿತೋ, ಕೆಳಗಿನ ನಳಿಕೆ ಸಡಿಲಿಸಿ ಅಂಗೈಯಲ್ಲಿ ಸ್ವಲ್ಪ ಹಿಡಿದೆ. ಪೆಟ್ರೋಲು ಅಂಗೈಯನ್ನು ತಣ್ಣಗೆ ಮಾಡಿ ಆರಿಹೋಯಿತು. ಎರಡು ಹನಿ ಮಾತ್ರ ಆರದೆ ಉಳಿದವು. ನೀರು! ಕೊಡದಲ್ಲಿದ್ದ ನೀರು.

ಒರೆಸಿ ಒಯ್ಯಿ ಎಂದು ಅಕ್ಕ ಹೇಳಿದ್ದು ಆಗ ತಲೆಗೆ ಹೊಳೆಯಿತು. ಕುಡಿಯುವ ನೀರಿಗೆ ಒಯ್ಯುವ ಕೊಡವನ್ನು ಯಾರಾದರೂ ಒರೆಸು ಅನ್ನುತ್ತಾರೆಯೇ? ಎರಡು ವರ್ಷದಿಂದ ಆ ಒಂದು ಸಪ್ಪಳಕ್ಕೇ ಕಿವಿ ಇಟ್ಟು ಮಲಗಿದವಳು ಅವಳು. ಸೋಮವಾರ ಸಂಜೆ ಅದು ಬಂದದ್ದೂ, ಬಂಡೆಯ ಹತ್ತಿರ ನಿಂತದ್ದೂ ಅವಳಿಗೆ ಕೇಳಿಸಿತ್ತು. ಕೊಡ ಯಾತಕ್ಕೆ ಎಂಬುದೂ ಗೊತ್ತಾಗಿತ್ತು. ಎಲ್ಲ ತಿಳಿದೂ ರಾತ್ರಿಯೆಲ್ಲ ಸುಮ್ಮನಿದ್ದಳು.

"ಏನಾತು?" ಮಾವ ಕೇಳಿದರು.

"ನೀರು ಸೇರೈತ್ರಿ. ನಾ ಕೊಡ ಒರಸಲಿಲ್ಲ" ಎಂದಷ್ಟೇ ಹೇಳಿದೆ. ಉಳಿದದ್ದನ್ನು ಹೇಳಿದ್ದರೆ ಆ ಮನುಷ್ಯ ಚಳಿಯಲ್ಲಿ ಕೂತು ಕಳೆದ ರಾತ್ರಿಗೆ ಏನು ಅರ್ಥ ಉಳಿಯುತ್ತಿತ್ತು?

ಮತ್ತೆ ಎಲ್ಲವನ್ನೂ ಬಸಿದೆವು. ಈ ಸಲ ಕೊಡವನ್ನು ನನ್ನ ಧೋತರದಿಂದ ಒರೆಸಿ ಒಣಗಿಸಿದ್ದೆ. ನೀರು ತಳಕ್ಕೆ ಇಳಿಯುವವರೆಗೆ ಕಾದು, ಮೇಲಿನ ಪೆಟ್ರೋಲನ್ನಷ್ಟೇ ಮೆಲ್ಲಗೆ ಬಗ್ಗಿಸಿದೆವು. ಕಾರ್ಬೊರೇಟರನ್ನೂ ಬಸಿದು ಒರೆಸಿದೆವು. ಗುಂಡಿ ಒತ್ತಿ ಹಿಡಿದು ಮಾವ ಒದ್ದರು. ಆರನೆಯ ಒದೆಗೆ ಗಾಡಿ ಕೆಮ್ಮಿತು. ಏಳನೆಯದಕ್ಕೆ ಹಿಡಿಯಿತು.

ಅವರು ರುಮಾಲು ಸರಿ ಮಾಡಿಕೊಂಡರು. "ನೀ ಮೊದಲ ಹೋಗು. ಇಬ್ಬರೂ ಕೂಡೇ ಹೋದ್ರ ಆಕಿಗೆ ಸಂಶೆ ಬರತೈತಿ" ಎಂದರು. ನಾನು ಬದುವಿನ ಮೇಲೆ ಓಡಿದೆ.

ಗುಡಿಸಲಲ್ಲಿ ಅಕ್ಕ ಅವ್ವನ ಭುಜಕ್ಕೆ ಒರಗಿ ಕೂತಿದ್ದಳು. ತಲೆ ಬಾಚಿತ್ತು. ಹಣೆಗೆ ಕುಂಕುಮ ಇತ್ತು. ಹಾದಿಯಲ್ಲಿ ಸಪ್ಪಳ ಏಳುತ್ತ ಬಂದು ಬಾಗಿಲ ಮುಂದೆ ನಿಂತಿತು. ಮಾವ ಬಗ್ಗಿ ಒಳಗೆ ಬಂದರು.

"ಹಾದ್ಯಾಗ ತ್ರಾಸಾತೇನ್ರಿ?" ಅಕ್ಕ ಕೇಳಿದಳು.

"ಛೇ, ಏನಿಲ್ಲ. ನಸಿಕಿನ್ಯಾಗ ಕುಷ್ಟಗಿ ಬಿಟ್ಟೆ. ಒಂದ ಒದಿಗೆ ಚಾಲೂ ಆತು."

ಅಕ್ಕ ಅವರ ಕಾಲು ನೋಡಿದಳು. ಧೋತರಕ್ಕೆ ಹತ್ತಿದ ರಕ್ತ, ಕೋಟಿನ ಬೆನ್ನಿಗೆ ಮೆತ್ತಿದ ಬಂಡೆಯ ಪಾಚಿ, ಎಲ್ಲ ನೋಡಿದಳು. "ಛಲೋ ಆತ್ರಿ" ಎಂದಳು. ಆಮೇಲೆ ಅವ್ವನಿಂದ ಅನ್ನ ಕಲಸಿಸಿಕೊಂಡು, ಅವರನ್ನೇ ನೋಡುತ್ತ ನಾಲ್ಕು ತುತ್ತು ಉಂಡಳು. ಪ್ರತಿ ತುತ್ತಿಗೂ ಅವಳ ಗಂಟಲು ಎಷ್ಟು ಕಷ್ಟಪಡುತ್ತಿತ್ತೆಂಬುದು ನನಗೆ ಕಾಣುತ್ತಿತ್ತು.

"ಮುಂದಿನ ಮಂಗಳವಾರನೂ ಹತ್ತಕ್ಕ ಬರ್ರಿ. ತಡಾ ಮಾಡಬ್ಯಾಡ್ರಿ" ಎಂದಳು.

"ಹತ್ತಕ್ಕಂದ್ರ ಹತ್ತಕ್ಕ ಬರತೀನಿ" ಎಂದರು ಮಾವ.

ಆ ಸಲ ಅವರು ಸಂಜೆಗೆ ಹಿಂದಿರುಗಲಿಲ್ಲ. ಕೋರ್ಟಿಗೆ ರಜೆ ಎಂದರು. ಯಾವ ರಜೆ ಎಂದು ಅಕ್ಕ ಕೇಳಲಿಲ್ಲ. ಗುರುವಾರ ಮುಂಜಾನೆ, ತಲೆಯ ಕೆಳಗೆ ಮಾವನ ಕೈ ಇದ್ದಂತೆಯೇ ಅವಳು ಹೋದಳು. ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಮುಂದಿನದೆಲ್ಲ ಮುಗಿಸಿ ರವಿವಾರ ಮಾವ ಕುಷ್ಟಗಿಗೆ ಹೋದರು.

ಎರಡು ದಿನದ ಮೇಲೆ ಅವ್ವ ಮತ್ತು ನಾನು ಗುಡಿಸಲು ಬಿಚ್ಚುತ್ತಿದ್ದೆವು. ದಂಟಿನ ಗೋಡೆಗಳನ್ನು ಕಿತ್ತು ಸುಡಬೇಕಾಗಿತ್ತು. ಅಷ್ಟರಲ್ಲಿ ಹಾದಿಯ ಮೇಲೆ ಫಟಫಟಿಯ ಸಪ್ಪಳ ಕೇಳಿಸಿತು. ಅವ್ವನ ಕೈ ನಿಂತಿತು. ಮಾವ ಯಾವಾಗಲೂ ನಿಲ್ಲಿಸುವ ಜಾಗದಲ್ಲೇ ಗಾಡಿ ನಿಲ್ಲಿಸಿ, ಬಾಗಿಲಿದ್ದ ಜಾಗದಲ್ಲಿ ಬಗ್ಗಿ ಒಳಗೆ ಬಂದರು. ಬಗ್ಗುವುದಕ್ಕೆ ಅಲ್ಲಿ ಸೂರೇ ಉಳಿದಿರಲಿಲ್ಲ.

"ಹತ್ತಕ್ಕ ಬಾ ಅಂದಿದ್ಲು" ಎಂದರು. ವಾದ ಮಾಡುವ ಧ್ವನಿಯಲ್ಲ, ತಪ್ಪು ಒಪ್ಪಿಕೊಳ್ಳುವವರ ಧ್ವನಿ.

ಅವ್ವ ಹೊರಗಿನ ಒಲೆಯ ಮೇಲೆ ನಮಗಾಗಿ ಇಟ್ಟಿದ್ದ ಅನ್ನವನ್ನು ತಾಟಿಗೆ ಹಾಕಿ ತಂದು, ಅವರನ್ನು ನೆಲದ ಮೇಲೆ ಕೂಡಿಸಿದಳು. ಮಾವ ತಲೆ ಅಲ್ಲಾಡಿಸಿದರು.

"ಉಣ್ಣ್ರಿ" ಅಂದಳು ಅವ್ವ. "ನನ್ನ ಮಗಳು ಮಂಗಳವಾರ ಉಪವಾಸ ಇರತಿದ್ದಿಲ್ಲ."

ಮಾವ ಉಂಡರು. ಅವ್ವ ಪಕ್ಕದಲ್ಲಿ ಕೂತು, ತಾಟು ಬರಿದಾಗುವವರೆಗೆ ಬಡಿಸಿದಳು. ನಾನು ಅತ್ತ ಕಡೆ ಮುಖ ಮಾಡಿ ದಂಟು ಕೀಳುತ್ತ ಅತ್ತುಬಿಟ್ಟೆ.